ಸಂಬಳ ಏರಿದರೆ ಸೈನಿಕ ಉಳಿಯುತ್ತಾನಾ? ಅಮೆರಿಕದ ಮರುಸೇರ್ಪಡೆ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಅಮೆರಿಕದ ಸೈನ್ಯದಲ್ಲಿ ಮೊದಲ ಅವಧಿ ಮುಗಿಸಿದವರು ಮತ್ತೆ ಸಹಿ ಹಾಕುತ್ತಾರೋ, ಮನೆಗೆ ಹೊರಡುತ್ತಾರೋ? ಅದರಲ್ಲಿ ಸಂಬಳದ ಪಾಲು ಎಷ್ಟು? ಕಾರ್ಮಿಕ ಅರ್ಥಶಾಸ್ತ್ರ ಓದುವ ನಮ್ಮ ಹುಡುಗ ಹುಡುಗಿಯರು ಈ ವಿಷಯವನ್ನು ಪ್ರಬಂಧಕ್ಕೆ ಖುಷಿಯಿಂದ ಆರಿಸಿಕೊಳ್ಳುತ್ತಾರೆ. ಸಂಬಳದ ಪಟ್ಟಿ ನೆಟ್ಟಲ್ಲೇ ಸಿಗುತ್ತದೆ, ಬೋನಸ್ ಆದೇಶಗಳೂ ಸಿಗುತ್ತವೆ, ಒಂದು ರಿಗ್ರೆಷನ್ ಓಡಿಸಿದರೆ ಕೆಲಸ ಮುಗೀತು ಅನ್ನುವ ಧೈರ್ಯ. ಆಮೇಲೆ ಉತ್ತರ ಬರುತ್ತದೆ: ಬೋನಸ್ ಜಾಸ್ತಿ ಕೊಟ್ಟಷ್ಟೂ ಸೈನಿಕರು ಬಿಟ್ಟು ಹೋಗುತ್ತಾರಂತೆ!

ಇಂಥ ಕರಡುಗಳನ್ನು ಓದಿ ಓದಿ ನನಗೆ ಒಂದು ವಿಷಯ ಖಾತ್ರಿಯಾಗಿದೆ. ಸೈನ್ಯ ಕೊಡುವ ಹಣವನ್ನು ಎಲ್ಲರೂ ಸೆಂಟಿನ ತನಕ ಲೆಕ್ಕ ಹಾಕುತ್ತಾರೆ. ಆ ವ್ಯಕ್ತಿಗೆ ಹೊರಗೆ ಏನು ಸಿಗುತ್ತಿತ್ತು ಅನ್ನುವುದನ್ನು ಮಾತ್ರ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಹೊರಗೆ ಕಡಿಮೆ ಕೂಲಿಯ ಕೆಲಸವೇ ಗತಿ ಅನ್ನುವವರ ವಿಷಯದಲ್ಲಂತೂ ಇಡೀ ಉತ್ತರ ಆ ಒಂದು ಸಾಲಿನ ಮೇಲೆಯೇ ನಿಂತಿರುತ್ತದೆ. ಹಾಗಾಗಿ ಕೆಳಗಿನ ಹಂತಗಳಲ್ಲಿ ಮೂರನೆಯದಕ್ಕೆ ನಿಮ್ಮ ಅರ್ಧ ಸಮಯ ಎತ್ತಿಡಿ.

## ಮೊದಲು ಏನೇನು ಬೇಕು

ಎಕ್ಸೆಲ್ ಗೊತ್ತಿರಬೇಕು. ಅಂಕಿಅಂಶ ಲೆಕ್ಕಕ್ಕೆ ಬಳಸುವ ಸಾಫ್ಟ್‌ವೇರ್‌ಗಳಾದ ಸ್ಟೇಟಾ ಅಥವಾ ಆರ್, ಎರಡರಲ್ಲಿ ಒಂದು ಬರಬೇಕು.

ಸೈನ್ಯದ ಸಂಬಳದ ಪಟ್ಟಿ ಡಿಫ್ಯಾಸ್ ಎಂಬ ರಕ್ಷಣಾ ಇಲಾಖೆಯ ಲೆಕ್ಕಪತ್ರ ಸಂಸ್ಥೆಯ ತಾಣದಲ್ಲಿ ವರ್ಷವಾರು ಸಿಗುತ್ತದೆ. ಬೋನಸ್ ದರಗಳನ್ನು ಭೂಸೇನೆ ತನ್ನ ಮಿಲ್ಪರ್ ಸಂದೇಶಗಳಲ್ಲಿ, ನೌಕಾಪಡೆ ನಾವ್‌ಅಡ್ಮಿನ್ ಸಂದೇಶಗಳಲ್ಲಿ ಪ್ರಕಟಿಸುತ್ತವೆ. ಹೊರಗಿನ ಕೂಲಿಗೆ ಕರೆಂಟ್ ಪಾಪ್ಯುಲೇಷನ್ ಸರ್ವೆ ಬೇಕು, ಚಿಕ್ಕದಾಗಿ ಸಿಪಿಎಸ್. ಮಿನೆಸೋಟಾ ವಿಶ್ವವಿದ್ಯಾಲಯದ ಐಪಮ್ಸ್ ತಾಣದಿಂದ ಅದನ್ನು ಪುಕ್ಕಟೆ ಇಳಿಸಿಕೊಳ್ಳಬಹುದು.

ಒಬ್ಬೊಬ್ಬ ಸೈನಿಕನ ದಾಖಲೆ ಇರುವುದು ಡಿಫೆನ್ಸ್ ಮ್ಯಾನ್‌ಪವರ್ ಡೇಟಾ ಸೆಂಟರ್ ಬಳಿ. ಹೊರಗಿನ ವಿದ್ಯಾರ್ಥಿಗೆ ಅದು ಸುಲಭಕ್ಕೆ ಸಿಗುವುದಿಲ್ಲ. ಸಿಗದಿದ್ದರೂ ಒಂದರಿಂದ ನಾಲ್ಕನೇ ಹಂತದ ತನಕ ಮಾದರಿ ಸೈನಿಕನೊಬ್ಬನನ್ನು ಇಟ್ಟುಕೊಂಡು ಪೂರ್ತಿ ಕೆಲಸ ಮಾಡಬಹುದು. ಎಂ.ಎ. ಪ್ರಬಂಧಕ್ಕೆ ಅಷ್ಟೇ ಸಾಕು. ದಾಖಲೆ ಬರಲಿ ಅಂತ ಕಾಯುತ್ತಾ ಒಂದು ಸೆಮಿಸ್ಟರ್ ಕಳೆಯಬೇಡಿ.

## ಹಂತ 1: ನಿಜವಾಗಿ ನಿರ್ಧಾರ ಮಾಡುವವರು ಯಾರು ಅಂತ ಗುರುತಿಸಿ

ಸೈನ್ಯ ಬಿಟ್ಟವರೆಲ್ಲ ತಾವಾಗಿಯೇ ಬಿಟ್ಟವರಲ್ಲ. ಉಳಿದವರೆಲ್ಲ ಇಷ್ಟಪಟ್ಟು ಉಳಿದವರೂ ಅಲ್ಲ. ಇಲ್ಲಿ ಮೂರು ಜರಡಿ ಹಿಡಿಯಬೇಕು.

ಮೊದಲನೆಯದು, ಅವಧಿ ಮುಗಿಯುವ ಮುಂಚೆಯೇ ಹೊರಬಿದ್ದವರು. ಅಮೆರಿಕದಲ್ಲಿ ಸೇರಿದವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಮೊದಲ ಅವಧಿಯನ್ನೇ ಪೂರ್ತಿ ಮಾಡುವುದಿಲ್ಲ. ಕಾರಣ ಆರೋಗ್ಯ ಇರಬಹುದು, ಶಿಸ್ತು ಇರಬಹುದು, ತೂಕ ಇರಬಹುದು. ಅವರ ಎದುರಿಗೆ ಮರುಸೇರ್ಪಡೆಯ ಕಾಗದವೇ ಬಂದಿರುವುದಿಲ್ಲ. ಅವರನ್ನು "ಬಿಟ್ಟವರು" ಅಂತ ಎಣಿಸಿದರೆ ಸಂಬಳದ ಪ್ರಭಾವ ಸುಮ್ನೆ ಮಸುಕಾಗುತ್ತದೆ.

ಎರಡನೆಯದು, ಅವಧಿ ಮುಗಿಸಿದರೂ ಮತ್ತೆ ಸೇರಲು ಅರ್ಹತೆ ಇಲ್ಲದವರು. ದಾಖಲೆಯಲ್ಲಿ ಅರ್ಹತೆಯ ಸಂಕೇತ ಇರುತ್ತದೆ. ಅದನ್ನು ನೋಡಿ ಇವರನ್ನು ಬೇರೆ ಇಡಿ.

ಮೂರನೆಯದು, ಕೆಲವೇ ತಿಂಗಳಿಗೆ ಅವಧಿ ವಿಸ್ತರಿಸಿಕೊಂಡವರು. ಇವರು ಪೂರ್ತಿ ಉಳಿದವರೂ ಅಲ್ಲ, ಹೋದವರೂ ಅಲ್ಲ. ಎಷ್ಟೋ ಸಲ ಮುಂದಿನ ಬೋನಸ್ ಪ್ರಕಟಣೆ ಬರಲಿ ಅಂತ ಕಾಯುತ್ತಿರುತ್ತಾರೆ. ಇವರನ್ನು ಮೂರನೇ ಗುಂಪಾಗಿಯೇ ಇಟ್ಟುಕೊಳ್ಳಿ.

ಇಷ್ಟಾದ ಮೇಲೆ ವಲಯ ಹಾಕಿ. ಬೋನಸ್ ನಿಯಮದಲ್ಲಿ ಸೇವೆಯ 6 ವರ್ಷದೊಳಗಿನದು ಎ ವಲಯ, 6ರಿಂದ 10 ಬಿ, 10ರಿಂದ 14 ಸಿ. ಕಡಿಮೆ ಕೂಲಿಯ ಪ್ರಶ್ನೆ ನಿಮ್ಮದಾದರೆ ಎ ವಲಯ ಬಿಟ್ಟು ಮೇಲೆ ಹೋಗಬೇಡಿ. ಹತ್ತು ವರ್ಷ ಕಳೆದವರ ಕಣ್ಣು ಪಿಂಚಣಿಯ ಮೇಲಿರುತ್ತದೆ, ಅದು ಬೇರೆಯೇ ಪ್ರಶ್ನೆ.

ಎಚ್ಚರಿಕೆಯ ಗುರುತು: ನಿಮ್ಮ ಅಂಕಿಅಂಶ ಇರಾಕ್, ಅಫ್ಘಾನಿಸ್ತಾನದ ಯುದ್ಧದ ವರ್ಷಗಳದ್ದಾದರೆ "ಸ್ಟಾಪ್ ಲಾಸ್" ಆದೇಶಗಳನ್ನು ನೋಡಿ. ಅವಧಿ ಮುಗಿದರೂ ಬಲವಂತವಾಗಿ ಉಳಿಸಿಕೊಂಡವರು ಅದರಲ್ಲಿದ್ದಾರೆ. ಯಾವುದೋ ತಿಂಗಳಲ್ಲಿ ಬಿಡುವವರ ಸಂಖ್ಯೆ ಥಟ್ಟನೆ ಕುಸಿದರೆ ಅದು ಸಂಬಳದ ಮಹಿಮೆ ಆಗಿರಲಿಕ್ಕಿಲ್ಲ.

## ಹಂತ 2: ಒಳಗಿನ ಸಂಬಳ ಕಟ್ಟಿ

ಮೂಲ ವೇತನವೊಂದನ್ನೇ ತೆಗೆದುಕೊಂಡರೆ ಸೈನಿಕ ಕಡುಬಡವನಂತೆ ಕಾಣುತ್ತಾನೆ. ಅದಕ್ಕೆ ಮೂರು ಸೇರಿಸಬೇಕು: ಬಿಎಎಚ್ ಅನ್ನುವ ಮನೆ ಭತ್ಯೆ, ಬಿಎಎಸ್ ಅನ್ನುವ ಊಟದ ಭತ್ಯೆ, ಇವೆರಡಕ್ಕೂ ತೆರಿಗೆ ಇಲ್ಲದ್ದರಿಂದ ಆಗುವ ಲಾಭ. ನಾಲ್ಕೂ ಸೇರಿದ್ದನ್ನು ಅಲ್ಲಿ ಆರ್‌ಎಂಸಿ ಅನ್ನುತ್ತಾರೆ.

ಒಂದು ಮಾದರಿ ಲೆಕ್ಕ ಮಾಡೋಣ. ಅಂಕಿಗಳು ಸುಲಭವಾಗಲಿ ಅಂತ ದುಂಡಗೆ ಇಟ್ಟಿದ್ದೇನೆ, ಪಟ್ಟಿಯಿಂದ ತೆಗೆದದ್ದಲ್ಲ. ತಿಂಗಳಿಗೆ ಮೂಲ ವೇತನ 2,500 ಡಾಲರ್, ಮನೆ ಭತ್ಯೆ 1,200, ಊಟ 450. ಒಟ್ಟು 4,150, ವರ್ಷಕ್ಕೆ 49,800. ತೆರಿಗೆ ಇಲ್ಲದ ಭತ್ಯೆ ವರ್ಷಕ್ಕೆ 19,800. ಆತ ಶೇ. 12ರ ತೆರಿಗೆ ಮೆಟ್ಟಿಲಲ್ಲಿದ್ದರೆ, ಅಷ್ಟು ಹಣ ಕೈಗೆ ಬರಲು ಹೊರಗಿನ ಕೆಲಸದಲ್ಲಿ 22,500 ಗಳಿಸಬೇಕಿತ್ತು (19,800 ಭಾಗಿಸು 0.88). ವ್ಯತ್ಯಾಸ 2,700. ಅದನ್ನೂ ಕೂಡಿಸಿದರೆ ಆರ್‌ಎಂಸಿ 52,500.

ಇಲ್ಲಿ ಎಲ್ಲರೂ 19,800ರ ಶೇ. 12 ಅಂತ 2,376 ಬರೆಯುತ್ತಾರೆ. ಅದು ತಪ್ಪು. 0.88ರಿಂದ ಭಾಗಿಸಬೇಕು.

ಬ್ಯಾರಕ್‌ನಲ್ಲಿ ಮಲಗುವ ಒಂಟಿ ಸೈನಿಕನ ವಿಷಯ ಬೇರೆ. ಅವನಿಗೆ ಮನೆ ಭತ್ಯೆ ಕೈಗೆ ಬರುವುದಿಲ್ಲ, ಕೋಣೆ ಸಿಗುತ್ತದೆ. ಆರ್‌ಎಂಸಿ ಲೆಕ್ಕದಲ್ಲಿ ಆ ಕೋಣೆಗೆ ಭತ್ಯೆಯಷ್ಟೇ ಬೆಲೆ ಕಟ್ಟಿರುತ್ತಾರೆ. ಇನ್ನೊಬ್ಬನ ಜತೆ ಕೋಣೆ ಹಂಚಿಕೊಂಡು, ಯಾವಾಗ ಬೇಕಾದರೂ ತಪಾಸಣೆಗೆ ಬಾಗಿಲು ತೆಗೆಯಬೇಕಾದ ಇಪ್ಪತ್ತೆರಡರ ಹುಡುಗ ಅದಕ್ಕೆ 1,200 ಡಾಲರ್ ಬೆಲೆ ಕೊಡುತ್ತಾನಾ? ನನಗಂತೂ ಅನುಮಾನ. ಮದುವೆಯಾದವರನ್ನು, ಆಗದವರನ್ನು ಬೇರೆ ಬೇರೆ ಲೆಕ್ಕ ಹಾಕಿ. ಒಂದೇ ಅಂಕಿಯಲ್ಲಿ ಇಬ್ಬರನ್ನೂ ಮುಗಿಸಬೇಡಿ.

ಬೋನಸ್‌ನ ಹಳೆಯ ಸೂತ್ರ ಸರಳ: ತಿಂಗಳ ಮೂಲ ವೇತನ, ಗುಣಿಸು ಹೊಸದಾಗಿ ಒಪ್ಪಿಕೊಂಡ ವರ್ಷ, ಗುಣಿಸು ಆ ಕಸುಬಿಗೆ ನಿಗದಿಯಾದ ಗುಣಕ. ನಮ್ಮ ಸೈನಿಕ ನಾಲ್ಕು ವರ್ಷಕ್ಕೆ ಸಹಿ ಹಾಕಿ ಗುಣಕ 1 ಇದ್ದರೆ 10,000 ಡಾಲರ್. ಭೂಸೇನೆ ಆಮೇಲೆ ನಿಗದಿತ ಮೊತ್ತದ ಪಟ್ಟಿಗೆ ಬದಲಾಯಿತು, ಆದ್ದರಿಂದ ನಿಮ್ಮ ವರ್ಷದ ಆದೇಶವನ್ನೇ ತೆರೆದು ನೋಡಿ.

ಇನ್ನೊಂದು ಸೂಕ್ಷ್ಮ. ಯುದ್ಧ ವಲಯದಲ್ಲಿ ಇರುವಾಗ ಸಹಿ ಹಾಕಿದರೆ ಆ ಬೋನಸ್‌ಗೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಹಾಗಾಗಿ ನಿಯೋಜನೆಯಲ್ಲಿರುವವರು ಅಲ್ಲಿರುವಾಗಲೇ ಕಾಗದ ಮುಗಿಸಿಕೊಳ್ಳುತ್ತಾರೆ. ಇದನ್ನು ಬಿಟ್ಟರೆ "ಯುದ್ಧಕ್ಕೆ ಹೋದವರೇ ಜಾಸ್ತಿ ಉಳಿಯುತ್ತಾರೆ" ಅನ್ನುವ ಚಂದದ, ಆದರೆ ಪೊಳ್ಳು ಫಲಿತಾಂಶ ಬರುತ್ತದೆ.

## ಹಂತ 3: ಹೊರಗಿನ ಸಂಬಳ ಕಟ್ಟಿ

ನಿಧಾನವಾಗಿ ಮಾಡಬೇಕಾದ ಹಂತ ಇದು.

ಕನಿಷ್ಠ ಕೂಲಿ ಹಾಕಬೇಡಿ. ಅಮೆರಿಕದ ಕೇಂದ್ರದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, 2009ರ ಜುಲೈನಿಂದ ಬದಲಾಗಿಲ್ಲ. ವರ್ಷಕ್ಕೆ 2,080 ಗಂಟೆಯ ಲೆಕ್ಕದಲ್ಲಿ 15,080 ಡಾಲರ್. ಇದನ್ನು ಹೊರಗಿನ ಸಂಬಳ ಅಂತ ಇಟ್ಟರೆ ಸೈನ್ಯ ಸ್ವರ್ಗದಂತೆ ಕಾಣುತ್ತದೆ. ಆದರೆ ಕ್ಯಾಲಿಫೋರ್ನಿಯಾದಲ್ಲಿ 2024ರಲ್ಲಿ ರಾಜ್ಯದ ಕನಿಷ್ಠ ಕೂಲಿಯೇ 16 ಡಾಲರ್ ಇತ್ತು, ಟೆಕ್ಸಸ್‌ನಲ್ಲಿ ಅದೇ 7.25. ಎರಡೂ ರಾಜ್ಯಗಳಲ್ಲಿ ದೊಡ್ಡ ಸೇನಾ ನೆಲೆಗಳಿವೆ. ಟೆಕ್ಸಸ್‌ನಲ್ಲೂ ಗೋದಾಮಿನ ಕೆಲಸಗಾರನಿಗೆ ಕನಿಷ್ಠಕ್ಕಿಂತ ಜಾಸ್ತಿಯೇ ಸಿಗುತ್ತದೆ. ಕಾನೂನಿನ ಕನಿಷ್ಠ ಬೇರೆ, ಮಾರುಕಟ್ಟೆಯ ಕೆಳಗಿನ ಕೂಲಿ ಬೇರೆ.

ಎಲ್ಲ ಬಡ ಕಾರ್ಮಿಕರ ಜತೆಗೂ ಹೋಲಿಸಬೇಡಿ. ಹೊಸದಾಗಿ ಸೇರುವವರಲ್ಲಿ ಶೇ. 90 ಮಂದಿ ಹೈಸ್ಕೂಲ್ ಪಾಸಾಗಿರಬೇಕು, ಶೇ. 60 ಮಂದಿ ಅರ್ಹತಾ ಪರೀಕ್ಷೆಯಲ್ಲಿ ಮಧ್ಯಾಂಕಕ್ಕಿಂತ ಮೇಲಿರಬೇಕು ಅನ್ನುವುದು ರಕ್ಷಣಾ ಇಲಾಖೆಯ ಅಳತೆಗೋಲು. "ಬಡವರ ಮಕ್ಕಳೇ ಸೈನ್ಯಕ್ಕೆ ಹೋಗೋದು" ಅನ್ನುವ ಮಾತು ಕೇಳಲು ಸರಿ ಅನಿಸುತ್ತದೆ. ಆದರೆ ಇಲಾಖೆಯ ವಾರ್ಷಿಕ ವರದಿಗಳಲ್ಲಿ ನೋಡಿದರೆ ಮಧ್ಯಮ ಆದಾಯದ ಬಡಾವಣೆಗಳಿಂದ ಬಂದವರ ಪಾಲೇ ಹೆಚ್ಚು, ತೀರಾ ಕೆಳಗಿನ ಐದನೇ ಒಂದು ಭಾಗದ್ದು ಕಡಿಮೆ. ಓದು ಅರ್ಧಕ್ಕೆ ಬಿಟ್ಟವರನ್ನು ನಿಮ್ಮ ಹೋಲಿಕೆಯ ಗುಂಪಿನಿಂದ ತೆಗೆಯಿರಿ.

ಈಗ ಮಾಡಬೇಕಾದ್ದು. ಸಿಪಿಎಸ್‌ನಲ್ಲಿ ಒಂದು ಮನೆಯನ್ನು ನಾಲ್ಕು ತಿಂಗಳು ಕೇಳುತ್ತಾರೆ, ಎಂಟು ತಿಂಗಳು ಬಿಡುತ್ತಾರೆ, ಮತ್ತೆ ನಾಲ್ಕು ತಿಂಗಳು ಕೇಳುತ್ತಾರೆ. ಕೂಲಿಯ ಪ್ರಶ್ನೆ ಕೇಳುವುದು ನಾಲ್ಕನೇ ಮತ್ತು ಎಂಟನೇ ಸರದಿಯಲ್ಲಿ ಮಾತ್ರ. ನಿಮಗೆ ಬೇಕಾಗಿರುವುದು ಆ ಸರದಿಯವರು. ಐಪಮ್ಸ್‌ನಲ್ಲಿ ಅವರಿಗೆಂದೇ ಅರ್ನ್‌ವೇಟ್ ಅನ್ನುವ ತೂಕ ಇದೆ. ಸಾಮಾನ್ಯ ತೂಕ ಹಾಕಿದರೆ ಸರಾಸರಿ ಕೆಡುತ್ತದೆ, ಸಾಫ್ಟ್‌ವೇರ್ ಮಾತ್ರ ಏನೂ ದೂರು ಹೇಳುವುದಿಲ್ಲ.

ವಯಸ್ಸು 20ರಿಂದ 26, ಹೈಸ್ಕೂಲ್ ಅಥವಾ ಸ್ವಲ್ಪ ಕಾಲೇಜು, ಪೂರ್ಣಾವಧಿ ಕೆಲಸ. ಇಷ್ಟು ಜರಡಿ ಹಿಡಿದು ರಾಜ್ಯವಾರು ಬಿಡಿಸಿದರೆ ಚಿಕ್ಕ ರಾಜ್ಯಗಳಲ್ಲಿ ಬೆರಳೆಣಿಕೆಯ ಜನ ಉಳಿಯುತ್ತಾರೆ. ಮೂರು ವರ್ಷ ಒಟ್ಟು ಸೇರಿಸಿ, ಹಣದುಬ್ಬರ ಸರಿಪಡಿಸಿ.

ಸರಾಸರಿ ಒಂದನ್ನೇ ಬರೆದುಕೊಳ್ಳಬೇಡಿ. 25ನೇ, 50ನೇ, 75ನೇ ಶೇಕಡಾಂಕ ಮೂರನ್ನೂ ತೆಗೆಯಿರಿ (25ನೇ ಶೇಕಡಾಂಕ ಅಂದರೆ ನೂರರಲ್ಲಿ 25 ಜನ ಅದಕ್ಕಿಂತ ಕಡಿಮೆ ಗಳಿಸುವ ಮಟ್ಟ). "ಕಡಿಮೆ ಕೂಲಿ" ಅಂದರೆ ಎಷ್ಟು ಅಂತ ಮೊದಲೇ ನಿಗದಿ ಮಾಡಿ. ಶ್ರೀಮಂತ ದೇಶಗಳ ಆರ್ಥಿಕ ಒಕ್ಕೂಟವಾದ ಒಇಸಿಡಿ ಬಳಸುವ ಅಳತೆ, ಅಂದರೆ ಮಧ್ಯಮ ಗಳಿಕೆಯ ಮೂರರಲ್ಲೆರಡು ಪಾಲಿಗಿಂತ ಕೆಳಗೆ, ಎಲ್ಲರಿಗೂ ಗೊತ್ತಿರುವಂಥದ್ದು. ಫಲಿತಾಂಶ ನೋಡಿದ ಮೇಲೆ ಗೆರೆ ಎಳೆಯುವ ಚಾಳಿ ಬೇಡ.

ಕೆಲಸ ಸಿಗದ ವಾರಗಳನ್ನೂ ಎಣಿಸಿ. ಗಂಟೆಗೆ 20 ಡಾಲರ್ ಸಿಗುವ ಕೆಲಸ ವರ್ಷಪೂರ್ತಿ ಇದ್ದರೆ 41,600. ನಾಲ್ಕು ವಾರ ಖಾಲಿ ಕೂತರೆ 38,400. ನಮ್ಮ ಸೈನಿಕನ 52,500ಕ್ಕೂ ಇದಕ್ಕೂ ಇರುವ ಅಂತರ 10,900ರಿಂದ 14,100ಕ್ಕೆ ಹಾರುತ್ತದೆ. ಕೆಳಗಿನ ಕೂಲಿಯ ಕೆಲಸಗಳಲ್ಲೇ ಈ ಖಾಲಿ ವಾರ ಜಾಸ್ತಿ. 2008-09ರ ಹಿಂಜರಿತದಲ್ಲಿ ಸೈನ್ಯದಲ್ಲಿ ಉಳಿಯುವವರು ಹೆಚ್ಚಾದರು, ಬೋನಸ್‌ಗಳನ್ನು ಕತ್ತರಿಸಿದರು. ನಿರುದ್ಯೋಗದ ದರವನ್ನು ಲೆಕ್ಕಕ್ಕೆ ತರದೆ ಆ ವರ್ಷಗಳನ್ನು ಓದಿದರೆ ಬೋನಸ್ ಇಳಿಸಿದ್ದಕ್ಕೇ ಜನ ಉಳಿದರು ಅನಿಸುತ್ತದೆ.

ಕಾಲೇಜನ್ನು ಮರೆಯಬೇಡಿ. ನಾನು ನೋಡಿದ ಕರಡುಗಳಲ್ಲಿ ಅತಿ ಹೆಚ್ಚು ಬಿಟ್ಟುಹೋಗುವುದು ಇದೇ. ಸೈನ್ಯ ಬಿಟ್ಟವನ ಮುಂದೆ ಗೋದಾಮು, ಹೋಟೆಲ್, ಕಾವಲು ಕೆಲಸ ಮಾತ್ರ ಇರುವುದಿಲ್ಲ. ಸೈನಿಕರ ಓದಿಗೆ ಹಣ ಕೊಡುವ, 2009ರ ಆಗಸ್ಟ್‌ನಲ್ಲಿ ಜಾರಿಯಾದ ಹೊಸ ಜಿಐ ಬಿಲ್ ಅನ್ನುವ ಕಾನೂನಿನ ಪ್ರಕಾರ, 36 ತಿಂಗಳು ಸೇವೆ ಮಾಡಿದವರಿಗೆ ಸರ್ಕಾರಿ ವಿಶ್ವವಿದ್ಯಾಲಯದ ರಾಜ್ಯದೊಳಗಿನ ಶುಲ್ಕ ಪೂರ್ತಿ ಸಿಗುತ್ತದೆ. ಜತೆಗೆ ಸಂಸಾರಸ್ಥ ಇ-5 ದರ್ಜೆಯವರ (ಇ-1 ತೀರಾ ಕೆಳಗಿನ ದರ್ಜೆ, ಅಲ್ಲಿಂದ ಐದನೆಯದು) ಮನೆ ಭತ್ಯೆಯಷ್ಟು ಹಣ ತಿಂಗಳು ತಿಂಗಳು ಬರುತ್ತದೆ. ದುಬಾರಿ ಊರಿನ ಕಾಲೇಜಾದರೆ ಆ ಭತ್ಯೆಯೊಂದೇ ಕೆಳ ಕೂಲಿಯ ಕೆಲಸದ ಹತ್ತಿರ ಹತ್ತಿರ ಬರುತ್ತದೆ.

ಹಾಗಂತ ಅದರ ಪೂರ್ತಿ ಬೆಲೆಯನ್ನು ಹೊರಗಿನ ತಕ್ಕಡಿಗೆ ಹಾಕಬೇಡಿ. ಮರುಸೇರಿದರೆ ಅದು ಕಳೆದುಹೋಗುವುದಿಲ್ಲ, ಮುಂದಕ್ಕೆ ಹೋಗುತ್ತದೆ. ಮುಂದೂಡಿದ್ದರಿಂದ ಆಗುವ ನಷ್ಟವನ್ನಷ್ಟೇ ಎಣಿಸಿ. ಇನ್ನೊಂದು ಕಡೆ, ಆ ಸವಲತ್ತನ್ನು ಹೆಂಡತಿಗೋ ಮಕ್ಕಳಿಗೋ ವರ್ಗಾಯಿಸಬೇಕಾದರೆ 6 ವರ್ಷ ಸೇವೆ ಆಗಿರಬೇಕು, ಇನ್ನೂ 4 ವರ್ಷಕ್ಕೆ ಒಪ್ಪಬೇಕು. ಮಕ್ಕಳಿರುವವರಿಗೆ ಅದೇ ಉಳಿಯಲು ಕಾರಣವಾಗುತ್ತದೆ. ಅಂದರೆ ಒಂದೇ ಸವಲತ್ತು ಒಂಟಿಯನ್ನು ಹೊರಗೆ ಎಳೆಯುತ್ತದೆ, ಸಂಸಾರಸ್ಥನನ್ನು ಒಳಗೆ ಹಿಡಿಯುತ್ತದೆ. ಮದುವೆ, ಮಕ್ಕಳ ಮಾಹಿತಿ ಇಲ್ಲದೆ ಈ ಲೆಕ್ಕ ಆಗುವುದೇ ಇಲ್ಲ.

ವೈದ್ಯಕೀಯ ವಿಮೆಯದ್ದೂ ಇದೇ ಕಥೆ. ಸೇವೆಯಲ್ಲಿರುವವರಿಗೆ ಟ್ರೈಕೇರ್ ಇದೆ. ಹೊರಗೆ ಕೆಳ ಕೂಲಿಯ ಕೆಲಸದಲ್ಲಿ ಮಾಲೀಕರ ವಿಮೆ ಸಿಗುವ ಖಾತ್ರಿ ಇಲ್ಲ. ಇದನ್ನು ಆರ್‌ಎಂಸಿಯೊಳಗೆ ಬೆರೆಸದೆ ಪ್ರತ್ಯೇಕ ಸಾಲಾಗಿ ತೋರಿಸಿ.

ಎಚ್ಚರಿಕೆಯ ಗುರುತು: ಸಿಪಿಎಸ್ ನಾಗರಿಕರ ಸಮೀಕ್ಷೆ, ಸೇವೆಯಲ್ಲಿರುವ ಸೈನಿಕರ ಸಂಬಳ ಅದರಲ್ಲಿ ಹುಡುಕಬೇಡಿ. ಮಾಜಿ ಸೈನಿಕರ ಕೂಲಿ ಸಿಗುತ್ತದೆ, ಆದರೆ ಅವರು ಹೊರಗೆ ಒಳ್ಳೆಯದು ಸಿಗುತ್ತದೆ ಅಂತ ಗೊತ್ತಿದ್ದು ಹೋದವರು. ಉಳಿದವನಿಗೂ ಅಷ್ಟೇ ಸಿಗುತ್ತಿತ್ತು ಅನ್ನಲಾಗದು.

ಕೊನೆಗೊಂದು ತಾಳೆ ನೋಡಿ. ಸರ್ಕಾರ ನಾಲ್ಕು ವರ್ಷಕ್ಕೊಮ್ಮೆ ನಡೆಸುವ ವೇತನ ಪರಿಶೀಲನೆ 2002ರಲ್ಲಿ, ಸೈನಿಕರ ಸಂಬಳ ಅದೇ ಓದು ಮತ್ತು ಅನುಭವದ ನಾಗರಿಕರ 70ನೇ ಶೇಕಡಾಂಕದಲ್ಲಿರಬೇಕು ಅಂದಿತು. 2025ರ ಜನವರಿಯಲ್ಲಿ ಬಂದ 14ನೇ ವರದಿ ಪ್ರಕಾರ ಸಾಮಾನ್ಯ ಸೈನಿಕರು 83ನೇ ಶೇಕಡಾಂಕದಲ್ಲಿದ್ದಾರೆ, ಅಧಿಕಾರಿಗಳು 76ರಲ್ಲಿ. ನಿಮ್ಮ ಲೆಕ್ಕದಲ್ಲಿ ಸೈನಿಕ 20ನೇ ಶೇಕಡಾಂಕದಲ್ಲಿ ಬಂದರೆ ನೀವು ಮೂಲ ವೇತನವನ್ನೇ ಹೋಲಿಸಿದ್ದೀರಿ. ಎರಡನೇ ಹಂತಕ್ಕೆ ವಾಪಸ್ ಹೋಗಿ.

## ಹಂತ 4: ಎರಡನ್ನೂ ಒಂದೇ ಅಂಕಿಗೆ ಇಳಿಸಿ

ಉಳಿದರೆ ಬರುವ ಹಣ ಹಲವು ವರ್ಷಗಳಲ್ಲಿ ಬರುತ್ತದೆ. ಬಿಟ್ಟರೂ ಹಾಗೆಯೇ. ಎರಡರ ಇಂದಿನ ಮೌಲ್ಯದ ವ್ಯತ್ಯಾಸ ತೆಗೆದು ವರ್ಷದ ಕಂತಾಗಿ ಹಂಚಬೇಕು. ಇದಕ್ಕೆ ಏಕಾಲ್ ಅನ್ನುವ ಹೆಸರಿದೆ: ಬಿಟ್ಟು ಹೋಗುವುದರಿಂದ ವರ್ಷಕ್ಕೆ ಆಗುವ ನಷ್ಟ. ನೌಕಾಪಡೆಯವರ ಬಗ್ಗೆ ಜಾನ್ ವಾರ್ನರ್, ಮ್ಯಾಥ್ಯೂ ಗೋಲ್ಡ್‌ಬರ್ಗ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಳಸಿದ ದಾರಿ ಇದು.

ಇಲ್ಲಿ ಕೈಕೊಡುವುದು ಬಡ್ಡಿದರ. ಬ್ಯಾಂಕಿನ ಶೇ. 5 ಹಾಕಿಬಿಡುತ್ತಾರೆ. 1990ರ ದಶಕದ ಆರಂಭದಲ್ಲಿ ಸೈನ್ಯ ಚಿಕ್ಕದಾಗುವಾಗ, ಹೊರಹೋಗುವವರಿಗೆ ಒಟ್ಟಿಗೆ ಹಣ ಬೇಕಾ, ವರ್ಷವರ್ಷ ಕಂತು ಬೇಕಾ ಅಂತ ಆಯ್ಕೆ ಕೊಟ್ಟಿದ್ದರು. ಕಂತಿನಲ್ಲಿ ಲಾಭ ಎಷ್ಟಿತ್ತೆಂದರೆ ಶೇ. 17ಕ್ಕಿಂತ ಹೆಚ್ಚಿನ ಬಡ್ಡಿ ನೋಡುವವರು ಮಾತ್ರ ಒಟ್ಟಿಗೆ ತೆಗೆದುಕೊಳ್ಳಬೇಕಿತ್ತು. ಆದರೂ ಅರ್ಧಕ್ಕಿಂತ ಹೆಚ್ಚು ಅಧಿಕಾರಿಗಳು, ಶೇ. 90ಕ್ಕೂ ಮೀರಿ ಸಾಮಾನ್ಯ ಸೈನಿಕರು ಒಟ್ಟು ಹಣವನ್ನೇ ಆರಿಸಿದರು. ವಾರ್ನರ್ ಮತ್ತು ಸಾಲ್ ಪ್ಲೀಟರ್ ಇದನ್ನು 2001ರಲ್ಲಿ ಪ್ರಕಟಿಸಿದರು. ಕೈಯಲ್ಲಿ ಕಾಸಿಲ್ಲದವರಿಗೆ ಇಂದಿನ ಡಾಲರ್ ಎಷ್ಟು ದೊಡ್ಡದು ಅಂತ ಇದರಿಂದ ಗೊತ್ತಾಗುತ್ತದೆ. ಹಾಗಾಗಿ ಶೇ. 5, 10, 20 ಮೂರರಲ್ಲೂ ಲೆಕ್ಕ ಮಾಡಿ.

ನಮ್ಮ ಮಾದರಿಗೆ ಬನ್ನಿ. ಅಂತರ ವರ್ಷಕ್ಕೆ 10,900, ನಾಲ್ಕು ವರ್ಷ, ಬೋನಸ್ 10,000, ಶೇ. 20. ಪ್ರತಿ ವರ್ಷದ ಆರಂಭದಲ್ಲಿ ಹಣ ಬರುತ್ತದೆ ಅಂದುಕೊಂಡರೆ ಕಂತಿನ ಗುಣಕ 1 + 0.833 + 0.694 + 0.579, ಅಂದರೆ 3.106. ಬೋನಸ್ ಒಟ್ಟಿಗೆ ಸಿಕ್ಕರೆ ವರ್ಷಕ್ಕೆ 3,219 ಡಾಲರ್ ಸಮ. ಅರ್ಧ ಈಗ, ಉಳಿದರ್ಧ ಮುಂದಿನ ಮೂರು ವರ್ಷಗಳಲ್ಲಿ ಸಮ ಕಂತು ಅಂದರೆ 2,740 ಸಮ. ಕಾಗದದ ಮೇಲೆ ಎರಡೂ 10,000. ಹುಡುಗನ ಕಣ್ಣಲ್ಲಿ ವರ್ಷಕ್ಕೆ ಸುಮಾರು 480 ಡಾಲರ್ ಫರಕು. ಬೋನಸ್ ಹೇಗೆ ಕೊಟ್ಟರು ಅನ್ನುವುದನ್ನು ದಾಖಲೆಯಲ್ಲಿ ಹುಡುಕಲೇಬೇಕು.

ಪಿಂಚಣಿಯೂ ಇಲ್ಲೇ ಇತ್ಯರ್ಥ ಆಗುತ್ತದೆ. 16 ವರ್ಷದ ನಂತರ ಬರುವ ಒಂದು ಡಾಲರ್ ಶೇ. 5ರಲ್ಲಿ ಇಂದು 46 ಸೆಂಟ್, ಶೇ. 20ರಲ್ಲಿ 5 ಸೆಂಟ್. ನಾಲ್ಕನೇ ವರ್ಷದವನ ನಿರ್ಧಾರಕ್ಕೆ ಪಿಂಚಣಿಯ ಪೂರ್ತಿ ಬೆಲೆ ಕಟ್ಟಿದ್ದರೆ ಅಳಿಸಿ. 2018ರ ಜನವರಿಯಿಂದ ಸೇರಿದವರಿಗೆ ಪದ್ಧತಿಯೇ ಬದಲಾಗಿದೆ: 20 ವರ್ಷಕ್ಕೆ ಶೇ. 50ರ ಬದಲು 40, ಜತೆಗೆ ಸರ್ಕಾರವೂ ಪಾಲು ಹಾಕುವ ಉಳಿತಾಯ ಖಾತೆ. ಹಳಬರು ಹೊಸಬರನ್ನು ಒಂದೇ ಬುಟ್ಟಿಗೆ ಹಾಕಬೇಡಿ.

ಸಾಮಾನ್ಯ ತಪ್ಪು ಇನ್ನೊಂದು. 2025ರ ಏಪ್ರಿಲ್‌ನಲ್ಲಿ ಇ-1ರಿಂದ ಇ-4 ದರ್ಜೆಯವರಿಗೆ ಶೇ. 10ರ ವಿಶೇಷ ಏರಿಕೆ ಬಂತು. ಇ-1ರ ತಿಂಗಳ ಮೂಲ ವೇತನ 2,108.10ರಿಂದ 2,319 ಡಾಲರ್ ಆಯಿತು. ಇದನ್ನು ನೋಡಿ "ಮರುಸೇರ್ಪಡೆ ಹೆಚ್ಚುತ್ತದೆ" ಅಂತ ಬರೆಯುವವರಿದ್ದಾರೆ. ಸ್ವಲ್ಪ ನಿಲ್ಲಿ. ಸಹಿ ಹಾಕುವವನು ನೋಡುವುದು ಮುಂದಿನ ನಾಲ್ಕು ವರ್ಷ. ಅದರ ಬಹುಪಾಲು ಆತ ಇ-5 ಆಗಿರುತ್ತಾನೆ. ಕೆಳ ಮೆಟ್ಟಿಲಿನ ಏರಿಕೆ ಹೊಸಬರನ್ನು ಸೆಳೆಯಬಹುದು, ಸಂಸಾರ ತೂಗಿಸಲು ನೆರವಾಗಬಹುದು. ಉಳಿಯುವ ಲೆಕ್ಕದಲ್ಲಿ ಅದರ ತೂಕ ಕಡಿಮೆ. ಬಡ್ತಿ ಯಾವಾಗ ಬರುತ್ತದೆ ಅನ್ನುವುದನ್ನು ಮಾದರಿಯೊಳಗೆ ಹಾಕಿ, ಅಂಕಿ ತಾನೇ ಹೇಳುತ್ತದೆ.

## ಹಂತ 5: ಅಂದಾಜು ಓಡಿಸಿ

ಉಳಿದರೆ 1, ಹೋದರೆ 0. ಇಂಥ ಹೌದು-ಇಲ್ಲ ಉತ್ತರಕ್ಕೆ ಬಳಸುವ ಲಾಜಿಟ್ ಅನ್ನುವ ರಿಗ್ರೆಷನ್ ಸಾಕು. ಸಮೀಕರಣದ ಬಲಗಡೆ ಏಕಾಲ್, ನಿರುದ್ಯೋಗ ದರ, ಮದುವೆ, ಮಕ್ಕಳು, ಅರ್ಹತಾ ಪರೀಕ್ಷೆಯ ಅಂಕ, ನಿಯೋಜನೆಯ ತಿಂಗಳುಗಳು.

ಎಚ್ಚರಿಕೆಯ ಗುರುತು: ಬೋನಸ್‌ನ ಗುಣಾಂಕ ಋಣಾತ್ಮಕ ಬಂದರೆ ಗಾಬರಿ ಬೇಡ, ಸಂಭ್ರಮವೂ ಬೇಡ. ಸೈನ್ಯ ಬೋನಸ್ ಏರಿಸುವುದೇ ಜನ ಬಿಡುತ್ತಿರುವ ಕಸುಬಿಗೆ. ಜ್ವರ ಬಂದವರಿಗೇ ಮಾತ್ರೆ ಕೊಡುತ್ತಾರೆ, ಮಾತ್ರೆಯಿಂದಲೇ ಜ್ವರ ಬಂತು ಅಂದ ಹಾಗಾಯಿತು ನಿಮ್ಮ ಫಲಿತಾಂಶ. ಪ್ರತಿ ಕಸುಬಿಗೂ, ಪ್ರತಿ ವರ್ಷಕ್ಕೂ ಪ್ರತ್ಯೇಕ ಸ್ಥಿರಾಂಕ (ಫಿಕ್ಸೆಡ್ ಎಫೆಕ್ಟ್) ಹಾಕಿ. ಆಗ ಒಂದೇ ಕಸುಬಿನಲ್ಲಿ ಬೋನಸ್ ಏರಿಳಿದಾಗ ಏನಾಯಿತು ಅನ್ನುವುದು ಉಳಿಯುತ್ತದೆ. ಇದರಿಂದ ರೋಗ ಪೂರ್ತಿ ಹೋಗುವುದಿಲ್ಲ, ಆದರೆ ಚಿಹ್ನೆ ಸಾಮಾನ್ಯವಾಗಿ ನೆಟ್ಟಗಾಗುತ್ತದೆ.

ಇದಕ್ಕೊಂದು ಬೆಲೆ ಇದೆ. ಜನವರಿಯಲ್ಲಿ ಎಲ್ಲರಿಗೂ ಒಟ್ಟಿಗೆ ಬರುವ ವಾರ್ಷಿಕ ಏರಿಕೆಯನ್ನು ವರ್ಷದ ಸ್ಥಿರಾಂಕ ನುಂಗಿಬಿಡುತ್ತದೆ. 2000ದ ಜನವರಿಯ ಶೇ. 4.8ರ ಏರಿಕೆಯ ಪರಿಣಾಮವನ್ನು ಈ ದಾರಿಯಲ್ಲಿ ಅಳೆಯಲು ಹೋಗಬೇಡಿ. ಮನೆ ಭತ್ಯೆಯ ಊರೂರಿನ ವ್ಯತ್ಯಾಸ ಬಳಸುತ್ತೇನೆ ಅನ್ನುವವರೂ ಹುಷಾರು. ಬಾಡಿಗೆ ಜಾಸ್ತಿ ಇರುವ ಊರಲ್ಲಿ ಹೊರಗಿನ ಕೂಲಿಯೂ ಜಾಸ್ತಿ, ಅಲ್ವಾ?

ಎರಡನೇ ಸಲದ ನಿರ್ಧಾರವನ್ನು ಮೊದಲನೆಯದರ ಜತೆ ಬೆರೆಸಬೇಡಿ. ಸೈನ್ಯ ಇಷ್ಟವಿಲ್ಲದವರು ಮೊದಲ ಸಲವೇ ಹೋಗಿರುತ್ತಾರೆ. ಈ ಸೋಸುವಿಕೆಯನ್ನು ಸರಿಯಾಗಿ ಹಿಡಿಯಲೆಂದೇ ಗ್ಲೆನ್ ಗಾಟ್ಜ್, ಜಾನ್ ಮೆಕಾಲ್ ರ‍್ಯಾಂಡ್ ಸಂಸ್ಥೆಗಾಗಿ ಇನ್ನೂ ಭಾರದ ಮಾದರಿ ಕಟ್ಟಿದರು. ಎಂ.ಎ. ಮಟ್ಟದಲ್ಲಿ ಅದು ಬೇಡ. ಎ ವಲಯದಲ್ಲೇ ಇದ್ದರೆ ತೊಂದರೆ ಅಷ್ಟಿಲ್ಲ.

## ಹಂತ 6: ಬಂದ ಅಂಕಿಯನ್ನು ಸರಿಯಾಗಿ ಓದಿ

ಸಂಬಳ ಶೇ. 1 ಏರಿದರೆ ಮರುಸೇರ್ಪಡೆ ದರ ಶೇಕಡಾ ಎಷ್ಟು ಏರುತ್ತದೆ? ಅದೇ ಸ್ಥಿತಿಸ್ಥಾಪಕತ್ವ. ಪ್ರಕಟವಾದ ಅಧ್ಯಯನಗಳಲ್ಲಿ ಇದು ಒಂದಕ್ಕಿಂತ ಕಡಿಮೆಯಿಂದ ಹಿಡಿದು ಎರಡನ್ನು ಮೀರುವ ತನಕ ಹರಡಿದೆ. ನಿಮ್ಮದು 8 ಬಂದರೆ ಎಲ್ಲೋ ಸೊನ್ನೆ ಬಿಟ್ಟಿದ್ದೀರಿ.

ಉದಾಹರಣೆಗೆ 1.5 ಇಟ್ಟುಕೊಳ್ಳಿ. ಅರ್ಹರು 1,000, ಉಳಿಯುವವರು 350. ನಮ್ಮ ಬೋನಸ್ ವರ್ಷಕ್ಕೆ 3,219ಕ್ಕೆ ಸಮ, ಅಂದರೆ 52,500ರ ಶೇ. 6.1. ಅದನ್ನು 1.5ರಿಂದ ಗುಣಿಸಿದರೆ ಶೇ. 9.2. ಇದನ್ನು 35ಕ್ಕೆ ಕೂಡಿಸಿ 44 ಅಂತ ಬರೆಯುವುದು ಅತಿ ಸಾಮಾನ್ಯ ತಪ್ಪು. 350ರ ಶೇ. 9.2 ಅಂದರೆ 32 ಜನ. ಒಟ್ಟು 382.

ಈಗ ಖರ್ಚು ನೋಡಿ. ಬೋನಸ್ ಕೊಡಬೇಕಾದ್ದು ಹೊಸ 32 ಜನಕ್ಕೆ ಮಾತ್ರ ಅಲ್ಲ, 382 ಮಂದಿಗೂ. ಒಟ್ಟು 38 ಲಕ್ಷ 20 ಸಾವಿರ ಡಾಲರ್. ಹೆಚ್ಚುವರಿ ಒಬ್ಬನಿಗೆ ಸುಮಾರು 1 ಲಕ್ಷ 19 ಸಾವಿರ ಬಿತ್ತು. ಹೇಗೂ ಉಳಿಯುತ್ತಿದ್ದ 350 ಜನಕ್ಕೆ ಹೋದ ಹಣ ಇದರಲ್ಲಿ ಸೇರಿದೆ. ಈ ಅಂಕಿ ಇಲ್ಲದ ಪ್ರಬಂಧವನ್ನು ನೀತಿಯ ಚರ್ಚೆಗೆ ಬಳಸಲು ಬರುವುದಿಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ: ಹೊರಗೆ ಕೆಳ ಕೂಲಿ ಕಾಯುತ್ತಿರುವವರು ಸಂಬಳಕ್ಕೆ ಹೆಚ್ಚು ಸ್ಪಂದಿಸುತ್ತಾರಾ, ಕಡಿಮೆಯಾ? ಇಲ್ಲಿ ಲಾಜಿಟ್ ಒಂದು ಬಲೆ ಹಾಸಿರುತ್ತದೆ. ಆ ಸೂತ್ರದಲ್ಲಿ ಸ್ಥಿತಿಸ್ಥಾಪಕತ್ವ ಹೋಗುವವರ ಪಾಲಿಗೆ ಅನುಪಾತದಲ್ಲಿರುತ್ತದೆ. ಶೇ. 35 ಉಳಿಯುವ ಗುಂಪಿನಲ್ಲಿ ಆ ಪಾಲು 0.65. ಹೊರಗೆ ಗತಿಯಿಲ್ಲದೆ ಶೇ. 80 ಉಳಿಯುವ ಗುಂಪಿನಲ್ಲಿ 0.20. ಎರಡೂ ಗುಂಪಿಗೆ ಗುಣಾಂಕ, ಸಂಬಳ ಒಂದೇ ಇದ್ದರೂ ಎರಡನೆಯದರ ಸ್ಥಿತಿಸ್ಥಾಪಕತ್ವ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಬರುತ್ತದೆ. ಅದನ್ನು ನೋಡಿ "ಬಡವರಿಗೆ ಸಂಬಳ ಮುಖ್ಯವಲ್ಲ" ಅಂತ ಬರೆದರೆ ಅದು ಸೂತ್ರದ ಮಾತು, ಸೈನಿಕರದ್ದಲ್ಲ. ಎರಡು ಗುಂಪುಗಳಿಗೆ ಬೇರೆ ಬೇರೆ ಗುಣಾಂಕ ಅಂದಾಜಿಸಿ, ಗುಣಾಂಕಗಳನ್ನೇ ಹೋಲಿಸಿ. ಆಮೇಲೆ ಸಾವಿರ ಡಾಲರ್‌ಗೆ ಎಷ್ಟು ಜನ ಹೆಚ್ಚಾದರು ಅನ್ನುವುದನ್ನೂ ಪಕ್ಕದಲ್ಲಿ ಕೊಡಿ.

## ಅಗ್ನಿವೀರರಿಗೆ ಇದೇ ಲೆಕ್ಕ ಹಾಕಬಹುದಾ?

ಇದನ್ನು ಓದಿದ ಮೇಲೆ ಬರುವ ಮೊದಲ ಪ್ರಶ್ನೆ ಇದೇ. ಹೀಗೇ ಎತ್ತಿ ಹಾಕಲು ಬರುವುದಿಲ್ಲ. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥದಲ್ಲಿ ನಾಲ್ಕು ವರ್ಷದ ನಂತರ ಹೆಚ್ಚೆಂದರೆ ಶೇ. 25 ಮಂದಿಯನ್ನು ಕಾಯಂ ಮಾಡಿಕೊಳ್ಳುವುದು ನಿಯಮ. ಆಯ್ಕೆ ಸೈನ್ಯದ್ದು. ಉಳಿದವರ ಸಂಖ್ಯೆ ಎಷ್ಟು ಜನಕ್ಕೆ ಜಾಗ ಇತ್ತು ಅಂತ ಹೇಳುತ್ತದೆ, ಎಷ್ಟು ಜನಕ್ಕೆ ಮನಸ್ಸಿತ್ತು ಅಂತ ಹೇಳುವುದಿಲ್ಲ. ಸಂಬಳ ಎಷ್ಟೇ ಏರಿದರೂ ಆ ದರ ಕದಲದೆ ಇರಬಹುದು.

ಇಲ್ಲಿ ಎಡಗಡೆ ಇಡಬೇಕಾದ್ದು ಕಾಯಂ ಆಗಲು ಅರ್ಜಿ ಹಾಕಿದರೋ ಇಲ್ಲವೋ ಅನ್ನುವುದು. ಹೊರಗಿನ ತಕ್ಕಡಿಗೆ ಹೊರಬಂದವರಿಗೆ ಸಿಗುವ ಸುಮಾರು 11.71 ಲಕ್ಷ ರೂಪಾಯಿಯ ತೆರಿಗೆಯಿಲ್ಲದ ಸೇವಾ ನಿಧಿಯೂ ಬೀಳಬೇಕು. ಕಾಯಂ ಆದವರಿಗೆ ಆ ಮೊತ್ತ ಪೂರ್ತಿ ಸಿಗುವುದಿಲ್ಲ, ಅವರ ಸ್ವಂತ ವಂತಿಗೆ ಮತ್ತು ಅದರ ಬಡ್ಡಿ ಮಾತ್ರ. ಮೊದಲು ಅರ್ಜಿಗಳ ಅಂಕಿ ಸಿಗುತ್ತದಾ ಅಂತ ವಿಚಾರಿಸಿ. ಸಿಗದಿದ್ದರೆ ಪ್ರಶ್ನೆಯನ್ನೇ ಬದಲಿಸಿ, ಮಾದರಿಯನ್ನು ಎಳೆದಾಡಬೇಡಿ.